ಬ್ರೇಕಿನ ಮೇಲೆ ಕಾಲು

ಚಕ್ರ ಅಲ್ಲಾಡಿತು, ಅಲ್ಲಾಡಿತಾ, ಇಲ್ಲ ಕಾಲಿಗೆ ಜೋಮು ಹಿಡಿದು ನನಗೇ ಹಾಗನ್ನಿಸಿತಾ, ಜೋಮು ಹಿಡಿದರೆ ನೆಲವೇ ತೇಲಿದ ಹಾಗಿರುತ್ತೆ — ಇಲ್ಲ, ಅಲ್ಲಾಡಿದ್ದೇ ನಿಜ, ಒಂದು ಬೆರಳಿನಷ್ಟು ಮುಂದಕ್ಕೆ ಹೋಗಿ ನಿಂತಿತು, ಒತ್ತು, ಇನ್ನೂ ಒತ್ತಿ ಹಿಡಿ, ಸ್ಟ್ರೆಚರಿನ ಕೆಳಗೆ ಅಂಗೈ ಅಗಲದ ಕೆಂಪು ಪೆಡಲು, ಇದರ ಸ್ಪ್ರಿಂಗು ಹೋಗಿ ಯಾವ ಕಾಲವಾಯಿತೋ, ಕಾಲಿಟ್ಟರೆ ಬ್ರೇಕು, ತೆಗೆದರೆ ಇಲ್ಲ, ಡಿಪೋದಲ್ಲಿ ಹೇಳಿದರೆ ಬರುತ್ತಪ್ಪ ಬರುತ್ತೆ ಅಂತಾರೆ, ಎಲ್ಲಿಂದ ಬರುತ್ತೆ, ರಾಜಧಾನಿಯ ಉಗ್ರಾಣದಿಂದ, ಇಡೀ ದೇಶದ ಆಂಬುಲೆನ್ಸ್ ಗಾಡಿಗಳಿಗೆ ಅದೊಂದೇ ಉಗ್ರಾಣವಂತೆ, ಹೆಬ್ಬೆರಳಷ್ಟು ಸ್ಪ್ರಿಂಗು ರಾಜಧಾನಿ ಬಿಟ್ಟು ಬರಬೇಕು, ಮೂಗಿಗಿಂತ ಮೂಗುತಿ ಭಾರ, ಅದು ಬರೋವರೆಗೆ ನನ್ನ ಕಾಲೇ ಸ್ಪ್ರಿಂಗು. ಈ ಕಾರಿಡಾರು ಕಟ್ಟಿದ ಪುಣ್ಯಾತ್ಮ ಬೇರೆ, ತೊಳೆದ ನೀರು ತಾನಾಗಿ ಹರಿದು ಹೋಗಲಿ ಅಂತ ಇಳಿಜಾರು ಬಿಟ್ಟಿದ್ದಾನೆ, ನೀರು ಹೋಗುತ್ತೋ ಇಲ್ಲವೋ, ಕಾಲು ತೆಗೆದರೆ ಸ್ಟ್ರೆಚರ್ ಮಾತ್ರ ಸೀದಾ ಹೋಗಿ ಆ ಕೊನೆಯ ಕೆಂಪು ಪಟ್ಟಿ ಬಾಗಿಲಿಗೆ ಗುದ್ದುತ್ತೆ, ಉಸಿರು ನಿಂತವರನ್ನು ಮಾತ್ರ ಎಬ್ಬಿಸೋಕೆ ಅಂತ ತಕ್ಷಣ ಕರೆದುಕೊಳ್ಳೋ ಬಾಗಿಲು ಅದು, ಉಸಿರಿರೋರು ಹೊರಗೆ ಕಾಯಬೇಕು. ಕಾಯ್ತಿದ್ದೀವಿ. ನನ್ನ ಮುಂದೆ ನಾಲ್ಕೋ ಐದೋ ಸ್ಟ್ರೆಚರು, ಹಿಂದೆ ಎಷ್ಟು ಅಂತ ತಿರುಗಿ ನೋಡೋಕೂ ಬೇಜಾರು, ಗೋಡೆಗೆ ಒರಗಿಸಿಟ್ಟ ಹಾಗೆ ಒಂದರ ಹಿಂದೊಂದು, ಒಂದೊಂದರ ಪಕ್ಕದಲ್ಲೂ ನನ್ನಂಥವನೊಬ್ಬ ಹಸಿರು ಅಂಗಿ ಹಾಕಿಕೊಂಡು, ಫ್ಯಾನು ಒಂದೇ ಒಂದು, ಅದೂ ಯಾರ ಮೇಲೂ ಬೀಸದ ಹಾಗೆ ಗೋಡೆ ಕಡೆ ಮುಖ ಮಾಡಿದೆ, ಕಿಟಕಿಯಿಂದ ಮಧ್ಯಾಹ್ನದ ಬಿಸಿಲು ನನ್ನ ಸ್ಟ್ರೆಚರಿನಲ್ಲಿರೋ ಅಜ್ಜನ ಊದಿದ ಪಾದದ ಮೇಲೆ ಬಿದ್ದಿದೆ. ಅಜ್ಜ ಬಸ್ಸಿನ ಕಂಡಕ್ಟರ್ ಆಗಿದ್ದೋನು, ಎತ್ತಿಕೊಂಡು ಬರುವಾಗ ಮೆಟ್ಟಿಲ ಮೇಲೇ ಹೇಳಿದ, ಗುಂಡಿಗೆ ದಣಿದು ಹೋಗಿದೆ, ಮಾಸ್ಕಿನೊಳಗೆ ಉಸಿರು ಗೊರ ಗೊರ ಅಂತಿದೆ, ಪಕ್ಕದ ಕೋಣೆಯೋನು ಫೋನ್ ಮಾಡಿ ಬಾಗಿಲು ತೋರಿಸಿ ತನ್ನ ಕೆಲಸಕ್ಕೆ ಹೋದ, ಜೊತೆಗೆ ಒಂದು ನರಪಿಳ್ಳೆ ಬರಲಿಲ್ಲ. ಕಂಡಕ್ಟರಿಕೆ ಮಾತ್ರ ಬೆರಳು ಬಿಟ್ಟಿಲ್ಲ, ನೋಟನ್ನು ಉದ್ದುದ್ದ ಮಡಚಿ ಬೆರಳ ಸಂದಿಯಲ್ಲಿ ಹಿಡೀತಾರಲ್ಲ, ಹಾಗೆ ನನ್ನ ತೋಳಿನ ಬಟ್ಟೆಯನ್ನು ಮಡಚಿ ಎರಡು ಬೆರಳ ಸಂದಿಯಲ್ಲಿ ಹಿಡಿದುಕೊಂಡಿದ್ದಾನೆ. ಆಗಾಗ ಕಣ್ಣು ಬಿಟ್ಟು, ಮುಂದೆ ಸರೀರಿ, ಮುಂದೆ ಜಾಗ ಇದೆ, ಮುಂದೆ ಸರೀರಿ. ಜಾಗ ಇಲ್ಲ ಅಜ್ಜ, ಜಾಗ ಇದ್ದಿದ್ದರೆ ನಾನ್ಯಾಕೆ ಹೀಗೆ ಒಂಟಿಕಾಲಲ್ಲಿ ತಪಸ್ಸಿಗೆ ನಿಲ್ಲುತ್ತಿದ್ದೆ.

ಆಸ್ಪತ್ರೆಯವರು ತಮ್ಮ ಮಂಚಕ್ಕೆ ಎತ್ತಿ ಹಾಕಿಕೊಳ್ಳೋವರೆಗೆ ರೋಗಿ ನಮ್ಮೋನು, ಅದು ನಿಯಮ, ರೋಗಿ ನಮ್ಮೋನಾಗಿರೋವರೆಗೆ ಸ್ಟ್ರೆಚರ್ ಅವನದು, ಸ್ಟ್ರೆಚರ್ ಇಲ್ಲದೆ ಗಾಡಿ ಇಲ್ಲ, ಹೊರಗೆ ಅಂಗಳದಲ್ಲಿ ನಿಂತಿರೋದು ಗಾಡಿಯಲ್ಲ ತಲೆ ಮೇಲೆ ದೀಪ ಇಟ್ಟುಕೊಂಡ ಡಬ್ಬ. ತರಬೇತಿಗೆ ಬಂದಿದ್ದ ದೊಡ್ಡ ಸಾಹೇಬರು ಗೋಡೆ ಮೇಲೆ ಚಿತ್ರ ಬಿಟ್ಟು ತೋರಿಸಿದ್ದರು, ಇಡೀ ದೇಶಕ್ಕೆ ಒಂದೇ ನಂಬರು, ಸಮುದ್ರದ ದಡದಿಂದ ಮಾಡಿ, ಬೆಟ್ಟದ ತುದಿಯಿಂದ ಮಾಡಿ, ರಾಜಧಾನಿಯ ಒಂದೇ ಹಾಲಿನಲ್ಲಿ ಫೋನು ಎತ್ತುತ್ತಾರೆ, ಎತ್ತಿದವರು ಕೇಳೋದು ಇಷ್ಟೇ, ಎಲ್ಲಿ, ಏನಾಗಿದೆ, ಉಸಿರಾಡ್ತಿದ್ದಾರಾ, ಆಮೇಲೆ ಬಣ್ಣ ಕೊಡುತ್ತಾರೆ, ಕೆಂಪು ಹಳದಿ ಹಸಿರು, ಬಣ್ಣ ನಮ್ಮ ಜಿಲ್ಲೆಯ ಕಂಟ್ರೋಲಿಗೆ ಬರುತ್ತೆ, ಅಲ್ಲಿ ಕೂತ ಮೇಡಂ ನಕ್ಷೆ ನೋಡಿ ಹತ್ತಿರದ ಗಾಡಿಯನ್ನು ಕಳಿಸುತ್ತಾಳೆ, ಆ ಗಾಡಿ ಹೋದ ಮೇಲೆ ಅಲ್ಲಿ ಗುಂಡಿ ಬೀಳುತ್ತಲ್ಲ, ಪಕ್ಕದ ಗಾಡಿಯನ್ನು ಅರ್ಧ ದಾರಿಗೆ ಸರಿಸಿ ನಿಲ್ಲಿಸುತ್ತಾಳೆ, ಹರಿದ ಕಂಬಳಿ ಎಳೆದು ಹೊದ್ದ ಹಾಗೆ, ತಲೆ ಮುಚ್ಚಿದರೆ ಕಾಲು ಬರಿದು. ನೀವು ಈ ದೇಶದ ನಾಡಿ ಕಣ್ರಪ್ಪ ಅಂದರು ಸಾಹೇಬರು, ಇಷ್ಟು ಜನಕ್ಕೆ ಒಂದು ಗಾಡಿ ಅಂತ ಲೆಕ್ಕ ಓದಿದರು, ನಮ್ಮ ಡ್ರೈವರು ಎದ್ದು ನಿಂತು, ಸಾರ್ ಆ ಲೆಕ್ಕದಲ್ಲಿ ನಮ್ಮೂರಿಗೆ ಮೂರೂವರೆ ಬರಬೇಕು, ಇರೋದು ಒಂದು, ಉಳಿದ ಎರಡೂವರೆ ಎಲ್ಲಿ ನಿಲ್ಲಿಸಿದ್ದೀರಿ ಹೇಳಿ, ನಾನೇ ಹೋಗಿ ಓಡಿಸ್ಕೊಂಡು ಬರ್ತೀನಿ — ಎಲ್ಲರೂ ನಕ್ಕರು, ಸಾಹೇಬರೂ ನಕ್ಕರು, ಚಹಾಕ್ಕೆ ಬಿಟ್ಟರು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಆ ಡ್ರೈವರನ್ನು ಎಲ್ಲರೂ ಮಾವ ಅಂತೀವಿ, ಅವನು ಕಂಡಕಂಡೋರನ್ನೆಲ್ಲ ಅಳಿಯ ಅಂತಾನೆ ಅದಕ್ಕೆ. ಕಂಟ್ರೋಲ್ ಮೇಡಮ್ಮಿನ ಮುಖ ನಾನು ಇವತ್ತಿಗೂ ನೋಡಿಲ್ಲ, ಬರೀ ದನಿ, ಸೊಂಟದ ವಾಕಿಟಾಕಿಯಲ್ಲಿ ಬರೋ ದನಿ, ಶೀತ ಆದಾಗ ಗೊತ್ತಾಗುತ್ತೆ, ಹಸಿದಾಗ ಗೊತ್ತಾಗುತ್ತೆ, ಅವಳಿಗೆ ಬೇಕಾದ ಮಾತು ಒಂದೇ, ಖಾಲಿ, ಹನ್ನೊಂದು ಖಾಲಿ ಆದ್ರಾ, ಖಾಲಿ ಆದ್ರೆ ಹೇಳಿ. ಹನ್ನೊಂದು ಅಂದರೆ ನಾವು. ರೋಗಿಯನ್ನು ಒಪ್ಪಿಸಿ ಹೊರಟರೆ ಆಸ್ಪತ್ರೆಯಲ್ಲಿ ಖಾಲಿ. ಹೋಗಿ ಬರಿಗೈಲಿ ತಿರುಗಿದರೆ ಸ್ಥಳದಲ್ಲೇ ಖಾಲಿ. ಸ್ಥಳದಲ್ಲೇ ಖಾಲಿ ಅಂದ ತಕ್ಷಣ ಅವಳು ಬಿಡಲ್ಲ, ಕಾರಣ ಹೇಳಿ ಅಂತ ಕೇಳೇ ಕೇಳುತ್ತಾಳೆ, ತುಂಟ ಫೋನು, ಇಲ್ಲ ನಾವು ಮುಟ್ಟೋದರೊಳಗೆ ಆಟೋದಲ್ಲಿ ಕರೆದುಕೊಂಡು ಹೋದರು, ಇಲ್ಲ ಇನ್ನು ಒಯ್ಯೋಕೆ ಏನೂ ಉಳಿದಿಲ್ಲ, ಮೂರೇ ಕಾರಣ, ಮೂರನೆಯದನ್ನು ನಾವು ಬಾಯಿ ಬಿಟ್ಟು ಹೇಳಲ್ಲ, ಮೂರು ಅಂತೀವಿ ಅಷ್ಟೆ, ಮಕ್ಕಳಾಟದಲ್ಲಿ ಔಟ್ ಅಂದ ಹಾಗೆ. ನಗುತ್ತಲೂ ಹೇಳಿದ್ದುಂಟು, ಮೇಡಂ ಮೂರು, ಊಟಕ್ಕೆ ಹೋಗ್ಲಾ.

ಈಗ ಸ್ವಲ್ಪ ಹೊತ್ತಿನ ಮುಂಚೆಯೂ ಹಾಗೇ ಕೇಳಿದಳು, ಹನ್ನೊಂದು ಖಾಲಿ ಆದ್ರಾ, ಇಲ್ಲ ಮೇಡಂ ಸ್ಟ್ರೆಚರ್ ಸಿಕ್ಕಿಲ್ಲ, ನಿಮ್ಮ ಏರಿಯಾದಲ್ಲಿ ಕೆಂಪು ಬಂದಿದೆ ಹನ್ನೊಂದು, ನನಗೂ ಗೊತ್ತು ಮೇಡಂ ಆದರೆ ಅಜ್ಜನ್ನ ನೆಲದ ಮೇಲೆ ಸುರಿಯೋಕಾಗುತ್ತಾ, ಸರಿ ಬಿಡಿ, ಇಪ್ಪತ್ತಾರು ಇಪ್ಪತ್ತಾರು ಕೇಳಿಸ್ಕೊಳ್ಳಿ. ಇಪ್ಪತ್ತಾರು ಪಕ್ಕದ ಊರಿನ ಗಾಡಿ, ರೈಲ್ವೆ ಗೇಟಿನ ಆಚೆಯದು, ಅಯ್ಯೋ ಪಾಪ ಯಾರದೋ ಗ್ರಹಚಾರ ಅಂದುಕೊಂಡೆ, ಆಣೆಗೂ ಹಾಗೇ ಅಂದುಕೊಂಡೆ, ಯಾರದೋ. ಕೆಂಪು, ಹೆಂಗಸು, ಐವತ್ತು ದಾಟಿದೆ, ಉಸಿರಾಟದ ತೊಂದರೆ, ನೀರಿನ ಟ್ಯಾಂಕಿನ ಹಿಂದಿನ ಬೀದಿ, ಹಸಿರು ಗೇಟು. ಹಸಿರು ಗೇಟು. ಊರಲ್ಲಿ ಎಷ್ಟು ಹಸಿರು ಗೇಟಿಲ್ಲ. ಟ್ಯಾಂಕಿನ ಹಿಂದೆ ಒಂದೇ ಇದೆ, ನಾನೇ ಬಳಿದಿದ್ದು, ಡಿಪೋದ ಕಂಬಿಗೆ ತಂದ ಬಣ್ಣ ಮಿಕ್ಕಿತ್ತು, ತಂದು ಬಳಿದೆ, ಅಕ್ಕ ಬೈದಳು, ಥೂ ಇದೇನೋ ಗಿಳಿ ಪಂಜರದ ಬಣ್ಣ, ಇರಲಿ ಕಣೇ, ಫೋನ್ ಮಾಡೋರಿಗೆ ಗುರುತು ಬೇಕು, ವಿಳಾಸ ಹೇಳಿದರೆ ಯಾರಿಗೂ ಸಿಗಲ್ಲ, ಹಸಿರು ಗೇಟು ಅಂದರೆ ಕುರುಡನಿಗೂ ಸಿಗುತ್ತೆ. ಸಿಕ್ಕಿತು, ನನಗೇ ಮೊದಲು ಸಿಕ್ಕಿತು. ವಾಕಿಯ ಗುಂಡಿ ಒತ್ತಿದೆ, ವಾಕಿಯಲ್ಲಿ ಮನೆ ಮಾತು ಆಡಬಾರದು, ಆಡಿದೆ, ಮೇಡಂ, ಅದು ನಮ್ಮ ಮನೆ. ಕಾರಿಡಾರಿನಲ್ಲಿ ಅಷ್ಟೂ ಹಸಿರು ಅಂಗಿಗಳ ಸೊಂಟದಲ್ಲಿ ಅದೇ ವಾಕಿ, ಅಷ್ಟೂ ವಾಕಿಯಲ್ಲಿ ನನ್ನದೇ ದನಿ, ಎಲ್ಲರೂ ತಿರುಗಿ ನೋಡಿದರು, ಆಮೇಲೆ ಎಲ್ಲರೂ ಬೇರೆ ಕಡೆ ನೋಡಿದರು. ಹನ್ನೊಂದು, ಅಂದಳು ಕೊನೆಗೆ, ಇಪ್ಪತ್ತಾರು ಹೊರಟಿದೆ. ಹೂಂ ಮೇಡಂ. ಇನ್ನೇನು ಹೇಳಬೇಕು ಅವಳು, ಅವಳ ಹತ್ತಿರ ನಕ್ಷೆ ಇದೆ, ನಕ್ಷೆಯಲ್ಲಿ ಚುಕ್ಕೆಗಳಿವೆ, ನಮ್ಮ ಚುಕ್ಕೆಗಳೆಲ್ಲ ಬಂದು ಈ ಆಸ್ಪತ್ರೆ ಅಂಗಳದಲ್ಲಿ ಇರುವೆ ಮುತ್ತಿದ ಹಾಗೆ ಮುತ್ತಿಕೊಂಡಿವೆ.

ಬೆಳಿಗ್ಗೆ ಅಕ್ಕ ಚೆನ್ನಾಗಿದ್ದಳಲ್ಲ, ಚೆನ್ನಾಗಿ ಅಂದರೆ ಅವಳ ಚೆನ್ನಾಗಿ, ಎದೆಯೊಳಗೆ ಸುಂಯ್ ಸುಂಯ್ ಅಂತಿತ್ತು, ಉಬ್ಬಸದ ಪಂಪು ಎರಡು ಸಲ ಎಳೆದುಕೊಂಡು ಹೊಲಿಗೆ ಮಿಷನ್ ಮುಂದೆ ಕೂತಿದ್ದಳು, ಬಟ್ಟೆಯ ಧೂಳು ಆಗಲ್ಲ ಬಿಡು ಅಂದರೆ, ಬಿಟ್ಟು ಏನು ಮಾಡಲಿ, ನಿನ್ನ ಮುಖ ನೋಡ್ತಾ ಕೂರಲಾ, ಅದೇನು ನೋಡೋ ಹಾಗಿದೆಯಾ. ಅಮ್ಮ ಹೋದಾಗ ನಾನು ಇನ್ನೂ ಅಂಗಿ ಗುಂಡಿ ಹಾಕೋಕೆ ಬರದೋನು, ಅವಳೂ ದೊಡ್ಡೋಳೇನಲ್ಲ, ಆದರೂ ಸೊಂಟದ ಮೇಲೆ ಎತ್ತಿಕೊಂಡು ತಿರುಗಿದಳು, ಅದೇ ಸೊಂಟ ನೋವು ಈಗಲೂ, ನೀನು ಕಲ್ಲುಗುಂಡು ಇದ್ದ ಹಾಗಿದ್ದೆ ಕಣೋ ಅಂತಾಳೆ. ಮದುವೆಗೆ ಒಬ್ಬ ಬಂದಿದ್ದ, ತಮ್ಮನನ್ನು ಹಾಸ್ಟೆಲಿಗೆ ಹಾಕು ಅಂದ, ಅವನನ್ನೇ ಬಾಗಿಲ ಹೊರಗೆ ಹಾಕಿದಳು, ಇದನ್ನು ನನಗೆ ಅವಳಲ್ಲ, ಮೇಲಿನ ಮನೆ ಟೀಚರಮ್ಮ ಹೇಳಿದ್ದು. ನನ್ನ ಅಂಗಿಗೆ ಒಳಗೊಂದು ಜೇಬು ಹೊಲಿದು ಕೊಟ್ಟಿದ್ದಾಳೆ, ಗ್ಲೌಸ್ ಇಟ್ಟುಕೊಳ್ಳೋಕೆ, ಸರ್ಕಾರ ಕೊಟ್ಟ ಅಂಗಿಗೆ ಜೇಬೇ ಸಾಲದಂತೆ, ಹೊಲಿದೋನಿಗೆ ಕೈಯಿಲ್ಲವಾ ಅಂತ ಬೈದುಕೊಂಡೇ ಹೊಲಿದಳು, ಆ ಜೇಬಿನಲ್ಲಿ ಈಗಲೂ ಅವಳ ಹಳೇ ಪಂಪೊಂದು ಇದೆ, ಮುಗಿದಿದ್ದು, ಅದೇ ತರಹದ್ದು ತರಬೇಕು ಅಂತ ಗುರುತಿಗೆ ಇಟ್ಟುಕೊಂಡಿದ್ದೆ, ಸಂಜೆ ತರ್ತೀನಿ ಅಂದಿದ್ದೆ. ಸಂಜೆ. ಮನೆಯಲ್ಲಿರೋದರಲ್ಲಿ ಇನ್ನೂ ಒಂದಷ್ಟು ಸಲ ಎಳೆಯೋಕೆ ಬರುತ್ತೆ ಅಂದಳು, ಅವಳು ಹಾಗೇ, ಎಣ್ಣೆ ಸೀಸೆಯನ್ನೂ ತಲೆಕೆಳಗೆ ನಿಲ್ಲಿಸಿ ವಾರ ದೂಡುತ್ತಾಳೆ. ಊರಿಗೆ ಉಪಕಾರಿ ಮನೆಗೆ ಮಾರಿ ಅಂತ ಕರೀತಾಳೆ ನನ್ನನ್ನು, ಊರೋರ ಮನೆಗೆಲ್ಲ ಸಿಡಿಲಿನ ಹಾಗೆ ಬರ್ತೀಯ, ನಮ್ಮ ಮನೆ ಬಲ್ಬು ಹಾಕೋಕೆ ನಾಲ್ಕು ದಿನ ಬೇಕು, ಹೆಣ ಹೊರೋನಿಗೆ ಹೆಣ್ಣು ಯಾರು ಕೊಡ್ತಾರೋ. ನಾನು ಹೆಣ ಹೊರಲ್ಲ ಕಣೇ, ಉಸಿರಿರೋರನ್ನ ಹೊರ್ತೀನಿ. ಹಾಗಾದ್ರೆ ನನ್ನನ್ನೂ ಒಂದಿನ ಹೊತ್ಕೊಂಡು ಹೋಗಪ್ಪ, ಸೈರನ್ ಹಾಕಿಸ್ಕೊಂಡು ಹೋಗಬೇಕು ಅಂತ ಆಸೆ, ಬೀದಿಯೋರೆಲ್ಲ ನೋಡಬೇಕು. ನಕ್ಕಳು, ನಗುವಾಗಲೇ ಕೆಮ್ಮು ಬಂತು, ಕೆಮ್ಮಿನ ಮಧ್ಯೆಯೂ ನಕ್ಕಳು.

ಅಜ್ಜನ ಉಸಿರು. ಒಂದು ಎಳೀತು, ನಿಂತಿತು, ಮತ್ತೆ ಎಳೀತು. ಸಿಸ್ಟರ್ ಬಂದಳು, ಕೂದಲಲ್ಲಿ ಪೆನ್ನು ಸಿಕ್ಕಿಸಿಕೊಂಡ ನರ್ಸು, ಓಡುತ್ತಿದ್ದಳು, ಸಿಸ್ಟರ್ ಅಂದೆ, ಕೈ ಅಡ್ಡ ಹಿಡಿದೆ, ಸಿಸ್ಟರ್ ನಮ್ಮ ಅಕ್ಕನಿಗೆ ಉಸಿರು ಕಟ್ಟಿದೆ, ನಮ್ಮ ಗಾಡಿಯೇ ಹತ್ತಿರದ್ದು, ಇವರನ್ನೊಬ್ಬರನ್ನು ಇಳಿಸಿಕೊಂಡುಬಿಡಿ, ನಿಮ್ಮ ಕಾಲಿಗೆ ಬೀಳ್ತೀನಿ. ಎಲ್ಲಿ ಇಳಿಸಿಕೊಳ್ಳಲಿ ಅಣ್ಣ, ನನ್ನ ತಲೆ ಮೇಲೆ ಮಲಗಿಸಿಕೊಳ್ಳಲಾ, ಬನ್ನಿ ತೋರಿಸ್ತೀನಿ, ಒಂದೊಂದು ಮಂಚದಲ್ಲಿ ಇಬ್ಬಿಬ್ಬರು. ಕುರ್ಚಿ ಕೊಡಿ. ಇವರು ಕುರ್ಚಿಲಿ ಕೂತರೆ ಉಳೀತಾರಾ, ನೀವೇ ಹೇಳಿ. ಉಳಿಯಲ್ಲ, ನನಗೆ ಗೊತ್ತು. ಅವಳ ಕಣ್ಣಲ್ಲಿ ನೀರಿತ್ತು, ಸಿಟ್ಟಿನದೋ, ನನಗೋಸ್ಕರವೋ, ಮೇಲಿನ ವಾರ್ಡಿನಲ್ಲಿ ಗುಣವಾದೋರು ಇದ್ದಾರೆ ಅಣ್ಣ, ಮನೆಗೆ ಹೋಗಿ ಅಂತ ಬರೆದಾಗಿದೆ, ನಡೆಯೋಕಾಗದೋರು, ಮನೆಗೆ ಬಿಡೋಕೆ ಗಾಡಿ ಬರಬೇಕು, ಅವರು ಹೋದರೆ ಇಲ್ಲಿಯೋರು ಮೇಲೆ ಹೋಗ್ತಾರೆ, ಇಲ್ಲಿ ಜಾಗ ಆಗುತ್ತೆ. ಯಾವ ಗಾಡಿ ಸಿಸ್ಟರ್. ನಿಮ್ಮದೇ ಗಾಡಿ. ನಮ್ಮದೇ ಗಾಡಿ, ಹೊರಗೆ ನಿಂತಿದೆಯಲ್ಲ ಅದೇ, ಅವರು ನಮಗಾಗಿ ಮೇಲೆ ಕಾಯ್ತಿದ್ದಾರೆ, ನಾವು ಅವರಿಗಾಗಿ ಕೆಳಗೆ ಕಾಯ್ತಿದ್ದೀವಿ, ಹುಚ್ಚು ಬಿಟ್ಟ ಹೊರತು ಮದುವೆ ಆಗಲ್ಲ, ಮದುವೆ ಆದ ಹೊರತು ಹುಚ್ಚು ಬಿಡಲ್ಲ. ನಕ್ಕುಬಿಟ್ಟೆ, ಅವಳು ಹೆದರಿ ನೋಡಿ ಓಡಿದಳು. ಒಳಗೆ ಹೋಗೋಕೆ ಒಂದೇ ದಾರಿ ಅಂತ ನನಗೂ ಗೊತ್ತು, ಅವಳಿಗೂ ಗೊತ್ತು, ಉಸಿರು ನಿಲ್ಲಬೇಕು. ಉಸಿರು ನಿಂತರೆ ಒಳಗೊಂದು ಗಂಟೆ ಹೊಡೆಯುತ್ತೆ, ಕೆಂಪು ಪಟ್ಟಿ ಬಾಗಿಲು ತಾನಾಗಿ ತೆಗೆಯುತ್ತೆ, ಆರು ಕೈ ಬಂದು ಎತ್ತಿಕೊಳ್ಳುತ್ತವೆ, ಸ್ಟ್ರೆಚರ್ ಬರಿದಾಗುತ್ತೆ, ಕಣ್ಣು ಮಿಟುಕಿಸೋದರಲ್ಲಿ. ಅಜ್ಜನ ಎದೆ ನೋಡಿದೆ. ಎಳೀತು, ನಿಂತಿತು. ನಿಂತೇ ಇತ್ತು. ನಾನು ಎಣಿಸುತ್ತಿದ್ದೆ, ಕಾಪಾಡೋಕೆ ಎಣಿಸುತ್ತಿದ್ದೆನಾ, ಸುಳ್ಳು ಯಾಕೆ, ಇಲ್ಲಿ ಯಾರು ಕೇಳಿಸಿಕೊಳ್ಳುತ್ತಾರೆ, ನಿಲ್ಲಲಿ ಅಂತ ಎಣಿಸುತ್ತಿದ್ದೆ. ನಿಲ್ಲಿಸಿಬಿಡು ಅಜ್ಜ, ಒಂದೇ ಒಂದು ಸಲ, ಆಮೇಲೆ ನಾನೇ ಎದೆ ಒತ್ತಿ ಎಬ್ಬಿಸ್ತೀನಿ, ನಿನಗೂ ಮಂಚ ಸಿಗುತ್ತೆ, ಬಸ್ಸು ತುಂಬಿ ಹೋಗಿದೆ ಅಂತ ಎಷ್ಟು ಜನರನ್ನು ಬೀದಿಯಲ್ಲಿ ಬಿಟ್ಟಿಲ್ಲ ನೀನು, ನೀನೊಬ್ಬ ಇಳಿದರೆ — ಎಳೀತು. ಗೊರ್ ಅಂತ ಎಳೀತು, ಕಣ್ಣು ಬಿಟ್ಟ, ನನ್ನನ್ನೇ ನೋಡಿದ, ನೀರು ಬೇಕಾ ಅಜ್ಜ ಅಂತ ಕೇಳಿದೆ ನಾನು, ಎಂಥ ನಾಲಿಗೆ ಇದು. ಬೇಡಪ್ಪ, ನಿನಗೆ ಕಾಲು ನೋಯುತ್ತೆ, ಸ್ವಲ್ಪ ಕೂತ್ಕೋ ಅಂದ.

ಮಾವ ಬಂದ, ಅಂಗಳದಿಂದ ಓಡಿ ಬಂದ, ಅವನ ಹೊಟ್ಟೆ ಅವನಿಗಿಂತ ಮುಂಚೆ ಬಂತು, ಅಳಿಯ ಅದು ನಿನ್ನ ಮನೆಯದಲ್ವೇನೋ, ಹೂಂ ಮಾವ, ನಡಿ ನಾನು ಹೋಗ್ತೀನಿ, ಸ್ಟ್ರೆಚರ್ ಮನೆ ಹಾಳಾಗಲಿ, ಹೆಗಲ ಮೇಲೆ ಹೊತ್ತು ಹಾಕ್ಕೋತೀನಿ ನಿಮ್ಮಕ್ಕನ್ನ, ಗಾಡೀಲಿ ದೊಡ್ಡ ಸಿಲಿಂಡರ್ ಇದೆ, ಮಾಸ್ಕು ಮುಖಕ್ಕೆ ಹಿಡಿಯೋಕೆ ನನಗೆ ಬರಲ್ವಾ. ಹೋಗು ಮಾವ ಹೋಗು. ಹೋದ. ನಾನೂ ಓಡಿ ಹೋಗಲಾ, ಬರಿಗೈಲಿ ಹೋಗಿ ಏನು ಮಾಡಲಿ, ಮನೆ ಊರಿನ ಆ ತುದಿ, ಮಾವನ ಜೊತೆ ಹತ್ತಿಕೊಳ್ಳಲಾ, ಅಜ್ಜನ ಬೆರಳು ತೋಳಿನ ಬಟ್ಟೆ ಬಿಟ್ಟಿಲ್ಲ, ಕಾಲು ಬ್ರೇಕು ಬಿಟ್ಟಿಲ್ಲ. ಹಾರನ್ನು ಕೇಳಿಸಿತು, ನಮ್ಮ ಗಾಡಿಯದೇ ಹಾರನ್ನು, ಉದ್ದಕ್ಕೆ ಹೊಡೆದ, ಮತ್ತೆ ಹೊಡೆದ, ತೆಗೀರ್ರೋ ತೆಗೀರ್ರೋ ಅಂತ ಅವನ ಕೂಗು, ಅಯ್ಯೋ, ನಮ್ಮ ಹಿಂದೆ ಬಂದ ಗಾಡಿಗಳು, ಅಂಗಳಕ್ಕೆ ಇರೋದು ಒಂದೇ ಬಾಯಿ, ಹಿಂದಿನೋರು ಮೂತಿಗೆ ಮೂತಿ ತಾಗಿಸಿ ನಿಲ್ಲಿಸಿ ಬೀಗ ಹಾಕಿಕೊಂಡು ರೋಗಿ ಜೊತೆ ಒಳಗೆ ಬಂದಿದ್ದಾರೆ, ಇದೇ ಕಾರಿಡಾರಿನಲ್ಲಿ ಎಲ್ಲೋ ನಿಂತಿದ್ದಾರೆ, ಒಬ್ಬ ಓಡಿದ, ಇನ್ನೊಬ್ಬ ಓಡಿದ, ಹಾರನ್ನು ಮತ್ತೆ. ಮನೆಗೆ ಫೋನ್ ಮಾಡಿದೆ, ಎರಡು ಸಲ ತಪ್ಪು ನಂಬರು ಒತ್ತಿದೆ, ಅಕ್ಕನ ಫೋನು ಟೀಚರಮ್ಮ ಎತ್ತಿದರು, ಎಲ್ಲಿದ್ದೀಯಪ್ಪ, ಬಂದ್ಯಾ, ಟೀಚರಮ್ಮ ಅಕ್ಕ ಹೇಗಿದ್ದಾಳೆ, ಕೂತಿದ್ದಾಳಪ್ಪ, ಮಿಷನ್ ಮೇಲೆ ಕೈ ಊರಿಕೊಂಡು ಬಗ್ಗಿ ಕೂತಿದ್ದಾಳೆ, ತುಟಿ ಒಂಥರಾ ಆಗಿದೆ, ನಿನ್ನ ಗಾಡಿಯೇ ಬರುತ್ತೆ ಅಂತಾಳೆ, ಟ್ಯಾಂಕಿನ ಈ ಕಡೆ ತಮ್ಮಂದೇ ಗಾಡಿ, ಅವನೇ ಬರ್ತಾನೆ, ಗೇಟು ತೆಗೆದಿಡಿ ಅಂದಳು, ತೆಗೆದಿಟ್ಟಿದ್ದೀನಿ. ಅವಳ ಕಿವಿಗೆ ಹಿಡೀರಿ. ಹಿಡಿದರು. ಸುಂಯ್ ಅಂತ ಕೇಳಲಿಲ್ಲ. ಸುಂಯ್ ಅಂದರೆ ಗಾಳಿ ಹೋಗ್ತಿದೆ ಅಂತ ಅರ್ಥ, ಎದೆ ಸದ್ದೇ ಮಾಡದಿದ್ದರೆ ಗಾಳಿ ಹೋಗ್ತಿಲ್ಲ ಅಂತ, ಇದನ್ನು ನನಗೆ ಹೇಳಿಕೊಟ್ಟಿದ್ದಾರೆ, ಯಾಕೆ ಹೇಳಿಕೊಟ್ಟರು. ಅಕ್ಕ, ಅಂದೆ, ಬರ್ತಿದ್ದೀನಿ ಕಣೇ, ಬಂದೆ, ಇಲ್ಲೇ ತಿರುವಿನಲ್ಲಿದ್ದೀನಿ. ಅಷ್ಟರಲ್ಲಿ ಸೊಂಟದಲ್ಲಿ ವಾಕಿ, ಇಪ್ಪತ್ತಾರು ಎಲ್ಲಿ, ಇಪ್ಪತ್ತಾರು ರೈಲ್ವೆ ಗೇಟಿನಲ್ಲಿ ಮೇಡಂ, ಗೂಡ್ಸ್ ಹೋಗ್ತಿದೆ, ಆ ಗೂಡ್ಸು ನಾನು ನೋಡಿದ್ದೀನಿ, ಬಾಲವೇ ಇಲ್ಲದ ಗೂಡ್ಸು. ಅಕ್ಕನ ಫೋನಿನಲ್ಲಿ ಮಿಷನ್ನಿನ ಗಾಲಿ ಒಂದು ಸುತ್ತು ತಿರುಗಿದ ಸದ್ದು, ಅವಳ ಕೈ ತಾಗಿರಬೇಕು. ಲೈನು ಹೋಯಿತು.

ಅವಳು ನನ್ನನ್ನೇ ಕಾಯ್ತಿದ್ದಾಳೆ, ಬೇರೆ ಯಾರನ್ನೂ ಅಲ್ಲ, ಕಾಲು ತೆಗೆದುಬಿಡಲಾ. ತೆಗೆದರೆ ಸಾಕು, ದೂಡೋದೂ ಬೇಡ, ಇಳಿಜಾರು ನೋಡಿಕೊಳ್ಳುತ್ತೆ, ಮುಂದಿನ ಸ್ಟ್ರೆಚರುಗಳೆಲ್ಲ ಗೋಡೆ ಪಕ್ಕ, ನಡುವೆ ದಾರಿ ಇದೆ, ಸೀದಾ ಹೋಗಿ ಗುದ್ದುತ್ತೆ, ಬಾಗಿಲು ತೆಗೆಯುತ್ತೆ, ಒಳಗೆ ಹೋದ ಮೇಲೆ ಯಾರು ಹೊರಗೆ ದೂಡುತ್ತಾರೆ, ಬೈಯಲಿ, ಕೆಲಸದಿಂದ ಕಿತ್ತು ಹಾಕಲಿ, ನಾನು ಆ ಗಲಾಟೆಯಲ್ಲಿ ಅಜ್ಜನನ್ನು ಯಾರದೋ ಮಂಚದ ತುದಿಗೆ ಸರಿಸಿ ಸ್ಟ್ರೆಚರ್ ಎಳೆದುಕೊಂಡು ಓಡ್ತೀನಿ — ಹಿಮ್ಮಡಿ ಎತ್ತಿದೆ, ಎತ್ತಿದ್ದು ನಿಜ, ಪೆಡಲು ಮೇಲೆ ಬಂತು, ಚಕ್ರ ಹೊರಳಿತು, ಒಂದು ಮೊಳ, ಇನ್ನೊಂದು ಮೊಳ, ಅಜ್ಜನ ಮುಖ ಅರಳಿತು, ಹೊರಟಿತಾ, ಅಬ್ಬ ಹೊರಟಿತಾ ಅಂದ, ಮಾಸ್ಕಿನೊಳಗೆ ನಗು, ತೋಳಿನ ಬಟ್ಟೆ ಬಿಗಿಯಿತು, ಆ ಬೆರಳು ನನ್ನನ್ನೂ ಜೊತೆಗೆ ಎಳೆಯಿತು — ಮತ್ತೆ ತುಳಿದೆ. ಗಕ್ಕನೆ ನಿಂತಿತು, ಅಜ್ಜನ ತಲೆ ಅಲ್ಲಾಡಿತು. ಯಾಕೆ ತುಳಿದೆ, ಗೊತ್ತಿಲ್ಲ. ಅವಳಿದ್ದಿದ್ದರೆ ಬೈಯುತ್ತಿದ್ದಳು, ಮುದುಕನನ್ನು ಗೋಡೆಗೆ ಗುದ್ದಿಸಿ ನನ್ನನ್ನು ಉಳಿಸೋಕೆ ಬಂದ್ಯಾ ಕತ್ತೆ. ಇದ್ದಿದ್ದರೆ ಅಂತ ಯಾಕೆ ಅಂದುಕೊಂಡೆ, ಇದ್ದಾಳೆ, ಇದ್ದಾಳೆ, ಬಿಡ್ತು ಅನ್ನು. ಮಾವನ ಹಾರನ್ನು ನಿಂತಿದೆ, ಗಾಡಿ ಹೊರಬಿತ್ತಾ, ಇಲ್ಲ ಮಾವ ಬಾಗಿಲಲ್ಲಿ ನಿಂತಿದ್ದಾನೆ, ಒಂದು ಗಾಡಿಯೋನ ಬೀಗದ ಕೈ ಸಿಗಲಿಲ್ಲ ಅಳಿಯ ಅಂತ ದೂರದಿಂದಲೇ ಎರಡೂ ಅಂಗೈ ತೋರಿಸಿದ, ಬರೀ ಅಂಗೈ.

ಇಪ್ಪತ್ತಾರು ಸ್ಥಳಕ್ಕೆ ಬಂತು ಮೇಡಂ. ಬಂತು. ಬಂತಲ್ಲ, ಹಸಿರು ಗೇಟು ಸಿಕ್ಕಿತು, ಗೇಟು ತೆರೆದಿದೆ, ಒಳಗೆ ಹೋಗು, ಚಪ್ಪಲಿ ಬಿಡಬೇಡ, ಎಡಗಡೆ ಕೋಣೆ, ಮಿಷನ್ ಹತ್ತಿರ, ಇಪ್ಪತ್ತಾರರ ಟೆಕ್ನಿಷಿಯನ್ ಒಳ್ಳೆಯೋನು, ಮಾತು ಮಾತ್ರ ಹುರಿದ ಕಾಳಿನ ಹಾಗೆ ಪಟಪಟ, ಕೈ ಚುರುಕು, ಮಾಸ್ಕು ಹಾಕು, ಮಾಸ್ಕಿನೊಳಗೆ ಮಂಜಾಗಿ ಬರೋ ಉಬ್ಬಸದ ಔಷಧಿ ಹಾಕು, ಬಗ್ಗಿಸಿಯೇ ಕೂರಿಸು, ಮಲಗಿಸಬೇಡ, ಅವಳು ಮಲಗಲ್ಲ ಅಂದರೆ ಬಲವಂತ ಮಾಡಬೇಡ, ಬೈಯುತ್ತಾಳೆ, ಬೈದರೆ ನಕ್ಕುಬಿಡು, ಸೈರನ್ ಹಾಕಿಕೊಂಡು ಬಾ, ಅವಳಿಗೆ ಆಸೆ, ಬೀದಿಯೋರೆಲ್ಲ ನೋಡಬೇಕು, ಇಲ್ಲಿಗೇ ಕರೆದುಕೊಂಡು ಬಾ, ಇದೇ ಸಾಲಿನಲ್ಲಿ ನನ್ನ ಹಿಂದೆ ನಿಲ್ಲಿಸು, ಎಷ್ಟು ಹೊತ್ತಾದರೂ ಆಗಲಿ, ಎರಡಕ್ಕೂ ನಾನೇ ಕಾಲು ಇಟ್ಟುಕೊಂಡು ನಿಲ್ತೀನಿ, ಅತ್ತ ಒಂದು ಇತ್ತ ಒಂದು, ಬಾ. ವಾಕಿ ಗರ್ ಅಂತು. ಇಪ್ಪತ್ತಾರು, ಅಂತ ಶುರು ಮಾಡಿ ನಿಲ್ಲಿಸಿದ, ಅವನು ಯಾವತ್ತೂ ನಿಲ್ಲಿಸಿ ಮಾತಾಡೋನಲ್ಲ, ಇಪ್ಪತ್ತಾರು, ಮೇಡಂ, ಸ್ಥಳದಲ್ಲೇ ಖಾಲಿ. ಆಟೋದಲ್ಲಿ ಹೋಗಿರಬೇಕು. ಟೀಚರಮ್ಮ ಆಟೋ ತರಿಸಿರಬೇಕು, ಬುದ್ಧಿವಂತೆ, ಹೌದು ಆಟೋದಲ್ಲೇ, ಎಷ್ಟು ಜನ ಹಾಗೆ ಹೋಗಲ್ಲ, ಎರಡನೇ ಕಾರಣ, ಈಗ ಮೇಡಂ ಕೇಳುತ್ತಾಳೆ, ಕೇಳೇ ಕೇಳುತ್ತಾಳೆ, ಕಾರಣ ಹೇಳಿ ಇಪ್ಪತ್ತಾರು, ಅವನು ಹೇಳ್ತಾನೆ, ಎರಡು ಮೇಡಂ, ಕೇಳಿ ಮೇಡಂ, ಯಾವತ್ತೂ ಬಿಟ್ಟಿಲ್ಲವಲ್ಲ ನೀವು, ಊಟದ ಹೊತ್ತಲ್ಲೂ ಬಿಟ್ಟಿಲ್ಲ, ಶೀತದಲ್ಲಿ ಗಂಟಲು ಕಟ್ಟಿದಾಗಲೂ ಕೇಳಿದ್ದೀರಿ, ಕೇಳಿ. ಗರ್ ಅಂತಿದೆ. ಸರಿ ಇಪ್ಪತ್ತಾರು, ಅಂದಳು. ಅಷ್ಟೇ ಅಂದಳು.

ಕೇಳಲಿಲ್ಲ. ಕಾರಣ ಕೇಳಲಿಲ್ಲ. ಪೆನ್ನಿನ ಸಿಸ್ಟರ್ ಓಡಿ ಬರ್ತಿದ್ದಾಳೆ, ನನ್ನ ಕಡೆಗೇ, ಮುಖ ತುಂಬ ಸಂತೋಷ, ಅಣ್ಣ, ಜಾಗ ಆಯ್ತು ಅಣ್ಣ, ಎಲ್ಲರ ಹತ್ತಿರ ಜಗಳ ಆಡಿ ನಿಮಗೇ ಕೊಡಿಸಿದೆ, ಬನ್ನಿ ಬನ್ನಿ ಬೇಗ ಒಳಗೆ ತನ್ನಿ, ನೀವು ಹೊರಡಿ. ಅಜ್ಜ ತೋಳು ಜಗ್ಗುತ್ತಿದ್ದಾನೆ, ಮುಂದೆ ಜಾಗ ಇದೆಯಂತಪ್ಪ, ಮುಂದೆ ಸರಿ. ಅವಳು ಸ್ಟ್ರೆಚರಿನ ತಲೆ ಹಿಡಿದು ಎಳೆದಳು, ಬರಲಿಲ್ಲ, ಮತ್ತೆ ಎಳೆದಳು, ಬಗ್ಗಿ ಕೆಳಗೆ ನೋಡಿದಳು, ಅಣ್ಣ ಕಾಲು ತೆಗೀರಿ. ತೆಗೀತೀನಿ. ಕಾಲು ತೆಗೀರಿ ಅಣ್ಣ. ತೆಗೀಬೇಕು, ಎತ್ತಿದರೆ ಆಯಿತು, ಅಂಗೈ ಅಗಲದ ಪೆಡಲು, ಕೆಂಪು, ಅದರ ಮೇಲೆ ನನ್ನ ಕಾಲು, ಎತ್ತು, ಕೆಂಪು ಪೆಡಲು, ಅದರ ಮೇಲೆ ಕಾಲು